ಅಮ್ಮನ ಮುಖ ತೆಗೆದು ಪೂಜೆ ಕುಣೀರಿ ಅಂತಿದಾರೆ. ಒಪ್ಪಬಹುದಾ?

ಶಿಂಷಾ ದಡದವ
ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಕಡೆಯ ಒಂದು ಹಳ್ಳಿಯವನು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಪೂಜೆ ಹೊರ್ತಾ ಬಂದಿದಾರೆ. ತಾತ ಹೊತ್ತರು, ದೊಡ್ಡಪ್ಪ ಮೂವತ್ತು ವರ್ಷ ಹೊತ್ತರು, ಈಗ ಆರು ವರ್ಷದಿಂದ ನಾನು. ನೋಡದೇ ಇರೋರಿಗೆ ಹೇಳಿಬಿಡ್ತೀನಿ. ಬಿದಿರು ದಬ್ಬೆಯ ದೊಡ್ಡ ಚೌಕಟ್ಟು, ಅದಕ್ಕೆ ನೆರಿಗೆ ಹಿಡಿದು ಕಟ್ಟಿದ ಬಣ್ಣಬಣ್ಣದ ಸೀರೆಗಳು, ನಡುವೆ ಅಮ್ಮನ, ಅಂದ್ರೆ ನಮ್ಮೂರ ದೇವತೆ ಮಾರಮ್ಮನ ಮುಖ. ಇದಿಷ್ಟಕ್ಕೂ ಸೇರಿಸಿ ನಾವು 'ಪೂಜೆ' ಅಂತೀವಿ. ಅದನ್ನ ಹೊತ್ಕೊಂಡು ತಮಟೆ ಏಟಿಗೆ ಹೆಜ್ಜೆ ಹಾಕಿದ್ರೆ ಪೂಜಾ ಕುಣಿತ.

ಹೋದ ವಾರ ಬೆಂಗಳೂರಿಂದ ಫೋನ್ ಬಂತು. ಮದುವೆ ಆರತಕ್ಷತೆಗೆ ಎಂಟು ಜನ ಬೇಕು, ಹದಿನೈದೇ ನಿಮಿಷ, ಊರಹಬ್ಬದಲ್ಲಿ ರಾತ್ರಿಯಿಡೀ ಕುಣಿದ್ರೂ ಸಿಗದಷ್ಟು ದುಡ್ಡು. ಷರತ್ತು ಎರಡು. ಸೀರೆಗಳೆಲ್ಲ ಮಂಟಪದ ಅಲಂಕಾರಕ್ಕೆ ಹೊಂದೋ ಹಾಗೆ ತಿಳಿ ಗುಲಾಬಿ ಬಣ್ಣದಲ್ಲೇ ಇರಬೇಕು. ನಡುವಿನ ಅಮ್ಮನ ಮುಖ ತೆಗೆದು ಆ ಜಾಗದಲ್ಲಿ ಹುಡುಗ ಹುಡುಗಿ ಹೆಸರಿನ ಮೊದಲಕ್ಷರ ಇಡಬೇಕು.

ದೊಡ್ಡಪ್ಪನಿಗೆ ಹೇಳ್ದೆ. ಊಟ ಮಾಡ್ತಿದ್ದೋರು ಕೈ ತೊಳೆದು ಎದ್ದು ಒಳಗೆ ಹೋದ್ರು. ಒಂದು ಮಾತೂ ಆಡಲಿಲ್ಲ. ಆ ಸೀರೆಗಳು ಅಂಗಡಿಯಿಂದ ತಂದವಲ್ಲ, ಹರಕೆಯವು. ಮಗು ಉಳಿದರೆ ಒಪ್ಪಿಸ್ತೀನಿ ಅಂದೋರದ್ದು, ಗಂಡನ ಕಾಲು ವಾಸಿಯಾದ್ರೆ ಅಂದೋರದ್ದು. ಯಾವ ನೆರಿಗೆ ಯಾರ ಮನೇದು ಅಂತ ದೊಡ್ಡಪ್ಪ ಕತ್ತಲಲ್ಲೂ ಮುಟ್ಟಿ ಹೇಳ್ತಾರೆ.

ಆದ್ರೆ ನಮ್ಮ ತಂಡದಲ್ಲಿ ಇಬ್ಬರು ಗಾರೆ ಕೆಲಸದೋರು, ಒಬ್ಬ ಆಟೋ ಓಡಿಸ್ತಾನೆ. ಅವರಿಗೆ ದುಡ್ಡು ಬೇಕು, ಅವರದ್ದೂ ತಪ್ಪಲ್ಲ. ನಾನು ಕೇಳೋದು ಇಷ್ಟೇ: ಕುಣಿತ ಪೂಜೆ ಆಗೋದು ಯಾವುದರಿಂದ? ಅಮ್ಮನ ಮುಖದಿಂದಲಾ, ಗುಡಿ ಮುಂದಿನ ಜಾಗದಿಂದಲಾ, ಹೊರೋನು ಹಿಡಿಯೋ ನೇಮದಿಂದಲಾ? ಮುಖ ತೆಗೆದ್ರೆ ಏನು ಉಳಿಯುತ್ತೆ?

ತಮಟೆ ಏಟು
ಬೇಡ ಕಣಪ್ಪ. ಅಮ್ಮನ ಮುಖ ತೆಗೆದು ಇನ್ನೇನೋ ಇಡೋದು ಮಾತ್ರ ಬೇಡ. ಮಿಕ್ಕಿದ್ದು ಆಮೇಲೆ ಮಾತಾಡಣ.

ಕೋಲಾರದ ಕಡ್ಲೆಕಾಯಿ
ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ ಬ್ರದರ್? ಅದು ಕಲೆ. ಕಲಾವಿದನಿಗೆ ಸಂಭಾವನೆ ಕೊಡ್ತಿದಾರೆ, ಹೋಗಿ ಕುಣಿದು ಬನ್ನಿ. ಮನೆಯಲ್ಲಿ ಅಮ್ಮನ ಮುಖಕ್ಕೆ ಹೂವಿಟ್ಟು ಹೋಗಿ. ಪೂಜೆ ಬೇರೆ, ಪ್ರದರ್ಶನ ಬೇರೆ.

ಉಡುಪಿ ಭಟ್ರ ಮನೆ ಪಕ್ಕ
"ಪೂಜೆ ಬೇರೆ, ಪ್ರದರ್ಶನ ಬೇರೆ" ಅಂತ ಅಷ್ಟು ಸಲೀಸಾಗಿ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ನಮ್ಮ ಕಡೆ ದೈವಗಳ ಕೋಲ ಉಂಟಲ್ಲ, ಅದರಲ್ಲಿ ಎಲ್ಲಿ ಕುಣಿತ ಮುಗಿಯಿತು, ಎಲ್ಲಿ ಆರಾಧನೆ ಶುರುವಾಯಿತು ಅಂತ ಗೆರೆ ಎಳೆದು ತೋರಿಸಿ ನೋಡುವ. ಮೊದಲು ದೈವ ಕಟ್ಟುವವರಿಗೆ ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಕೊಡಬೇಕು. ಅದನ್ನು ತೆಗೊಂಡು ಮಿಂದು ಬಂದ ಮೇಲೆ ಮುಖಕ್ಕೆ ಬಣ್ಣ. ಬಣ್ಣ ಹಾಕುವಾಗಲೇ ಆ ದೈವದ ಕಥೆ ಹೇಳುವ ಪಾಡ್ದನ ಹಾಡ್ತಾರೆ, ಹೆಚ್ಚಾಗಿ ಅವರ ಮನೆಯ ಹೆಂಗಸರೇ. ಸೊಂಟಕ್ಕೆ ತೆಂಗಿನ ಸಿರಿ, ಬೆನ್ನಿಗೆ ಅಣಿ ಎನ್ನುವ ದೊಡ್ಡ ಪ್ರಭಾವಳಿ. ಗಗ್ಗರ, ಅಂದ್ರೆ ದೈವದ ಕಾಲ್ಗಡಗ, ಕೈಯಲ್ಲಿ ಹಿಡ್ಕೊಂಡು ಸೇರಿದವರ ಅಪ್ಪಣೆ ಕೇಳಿದ ಮೇಲೆಯೇ ಅದು ಕಾಲಿಗೆ ಏರುದು. ಅಲ್ಲಿಂದ ಮುಂದೆ ಅವರನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ.

2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ಶಾಲೆ ವಾರ್ಷಿಕೋತ್ಸವ, ಗಣೇಶೋತ್ಸವ, ರೀಲ್ಸು, ಎಲ್ಲ ಕಡೆ ದೈವದ ವೇಷ ಹಾಕಿ ಕುಣಿಯುದು ಶುರುವಾಯಿತು. ಊರಲ್ಲಿ ಎಷ್ಟು ಜನರಿಗೆ ಹೊಟ್ಟೆ ಉರಿಯಿತು ಗೊತ್ತುಂಟಾ? ನಲಿಕೆ, ಪರವ, ಪಂಬದ ಸಮುದಾಯದವರು ಜೀವಮಾನ ಇಡೀ ನೇಮ ಹಿಡಿದು ಮಾಡುವ ಕೆಲಸ ಅದು. ಪೌಡರ್ ಬಳ್ಕೊಂಡು ಮೂರು ನಿಮಿಷ ಕೂಗಿದರೆ ಆಯ್ತಾ?

ಕೋಲಾರದ ಕಡ್ಲೆಕಾಯಿ
ಸರ್, ಭೂತಕೋಲ ಬೇರೆ ವಿಷಯ. ಅಲ್ಲಿ ಮೈಮೇಲೆ ಬರುತ್ತೆ. ಇಲ್ಲಿ ಇವರು ಚೌಕಟ್ಟು ಹೊತ್ಕೊಂಡು ಕುಣೀತಾರೆ ಅಷ್ಟೇ.

ಶಿಂಷಾ ದಡದವ
ಕಡ್ಲೆಕಾಯಿ ಅವರೇ, 'ಅಷ್ಟೇ' ಅನ್ನಬೇಡಿ. ನಾನು ಹೊರೋ ದಿನ ಬೆಳಗ್ಗಿಂದ ಊಟ ಇಲ್ಲ. ತಣ್ಣೀರಲ್ಲಿ ಸ್ನಾನ. ಎತ್ತೋಕೆ ಮುಂಚೆ ನಿಂಬೆಹಣ್ಣು ಕುಯ್ದು ದೃಷ್ಟಿ ತೆಗೀತಾರೆ, ಕರ್ಪೂರ ಹಚ್ಚುತಾರೆ. ಮೊದಲ ವರ್ಷ ನನ್ನ ತಲೆ ಮೇಲೆ ಸಿಂಬಿ ಇಟ್ಟು ಅಮ್ಮನ್ನ ಕೂರಿಸಿದಾಗ ಕತ್ತು ಒಳಗೇ ಇಳಿದುಹೋದ ಹಾಗಾಯ್ತು. ಕಾಲು ನಡುಗ್ತಿತ್ತು. ದೊಡ್ಡಪ್ಪ ಕಿವಿ ಹತ್ರ ಬಂದು "ನೀನು ಹೊತ್ತಿಲ್ಲ ಕಣೋ, ಅವಳು ನಿಂತವಳೆ, ನೀನು ಕೆಳಗಿದ್ದೀಯ ಅಷ್ಟೆ" ಅಂದ್ರು. ಮಾರಿಗುಡಿಯಿಂದ ಕೆರೆ ಏರಿವರೆಗೂ ಹೆಜ್ಜೆ ತಪ್ಪಲಿಲ್ಲ. ಮೈಮೇಲೆ ಬಂತು ಅಂತ ನಾನು ಹೇಳಲ್ಲ. ಆದ್ರೆ ನಾನೊಬ್ಬನೇ ಕುಣಿದೆ ಅಂತಲೂ ಹೇಳೋಕಾಗಲ್ಲ.

ತಮಟೆ ಏಟು
ಇದು. ಇದನ್ನ ಹೊತ್ತವನಿಗೇ ಗೊತ್ತು.

ನೇರನುಡಿ
ನನ್ನ ಮಾತು ಕೆಲವರಿಗೆ ಕಹಿ ಆಗಬಹುದು. ಶಾಸ್ತ್ರೋಕ್ತ ಪೂಜೆ ನಡೆಯೋದು ಗರ್ಭಗುಡಿಯಲ್ಲಿ, ಮಂತ್ರದಿಂದ. ಬೀದಿಯಲ್ಲಿ ಕುಣಿಯೋದು ಜಾನಪದ ಸಂಭ್ರಮ. ಗೌರವ ಇದೆ, ಆದರೆ ಅದನ್ನು ಪೂಜೆ ಅಂತ ಕರೆಯೋಕೆ ಶಾಸ್ತ್ರದಲ್ಲಿ ಆಧಾರ ಇಲ್ಲ.

ಗಂಧ ತೇಯುವವನು
ನೇರನುಡಿಯವರೇ, ನಾನು ಅರ್ಚಕ. ದಿನಾ ಎರಡು ಹೊತ್ತು ಪೂಜೆ ಮಾಡುವವನು. ಆಧಾರ ಕೇಳಿದಿರಲ್ಲ, ನಿಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲೇ ಇದೆ. ಮಂಗಳಾರತಿ, ಮಂತ್ರಪುಷ್ಪ ಆದ ಮೇಲೆ ಪುರೋಹಿತರು ಏನು ಹೇಳುತ್ತಾರೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ: ಛತ್ರಂ ಧಾರಯಾಮಿ, ಚಾಮರಂ ವೀಜಯಾಮಿ, ಗೀತಂ ಶ್ರಾವಯಾಮಿ, ನೃತ್ಯಂ ದರ್ಶಯಾಮಿ, ವಾದ್ಯಂ ಘೋಷಯಾಮಿ, ಕೊನೆಗೆ ಸಮಸ್ತ ರಾಜೋಪಚಾರ. ಕೊಡೆ ಹಿಡಿಯುತ್ತೇನೆ, ಚಾಮರ ಬೀಸುತ್ತೇನೆ, ಹಾಡು ಕೇಳಿಸುತ್ತೇನೆ, ನೃತ್ಯ ತೋರಿಸುತ್ತೇನೆ ಅಂತ ದೇವರ ಮುಂದೆ ನಿಂತು ಮಾತು ಕೊಡುತ್ತೇವೆ. ಆಮೇಲೆ ನೃತ್ಯ ತೋರಿಸುತ್ತೇವಾ? ಇಲ್ಲ. ಅದರ ಬದಲಿಗೆ ನಾಲ್ಕು ಅಕ್ಷತೆ ಕಾಳು ಹಾಕುತ್ತೇವೆ. ನಾನೂ ಇಪ್ಪತ್ತೆರಡು ವರ್ಷದಿಂದ ಅಕ್ಷತೆಯನ್ನೇ ಹಾಕುತ್ತಿದ್ದೇನೆ. ಶಿಂಷಾ ದಡದವರ ದೊಡ್ಡಪ್ಪ ಮೂವತ್ತು ವರ್ಷ ಅದನ್ನು ನಿಜವಾಗಿ ಮಾಡಿ ತೋರಿಸಿದ್ದಾರೆ. ಆ ಉಪಚಾರದಲ್ಲಿ ಅವರು ನನಗಿಂತ ಒಂದು ಮೆಟ್ಟಿಲು ಮೇಲೆ. ಇದನ್ನು ಸೌಜನ್ಯಕ್ಕೆ ಹೇಳುತ್ತಿಲ್ಲ.

ಉಡುಪಿ ಭಟ್ರ ಮನೆ ಪಕ್ಕ
ಗಂಧ ತೇಯುವವರು ಸರಿಯಾಗಿ ಹೇಳಿದ್ರು. ಇನ್ನೊಂದು ಸೇರಿಸ್ತೇನೆ. ನಮ್ಮ ದೇವಸ್ಥಾನಗಳ ಜಾತ್ರೆಯಲ್ಲಿ ಬಲಿ ಉತ್ಸವ ನೋಡಿದ್ದೀರಾ? ಉತ್ಸವಮೂರ್ತಿಯನ್ನು ತಲೆ ಮೇಲೆ ಹೊತ್ತು ಕುಣಿಯುದು ಬೇರೆ ಯಾರೂ ಅಲ್ಲ, ಅರ್ಚಕರೇ. ಚೆಂಡೆಗೆ ಒಂದು ಸುತ್ತು, ನಾಗಸ್ವರಕ್ಕೆ ಒಂದು ಸುತ್ತು, ಒಂದೊಂದು ವಾದ್ಯಕ್ಕೂ ಹೆಜ್ಜೆ ಬೇರೆ ಬೇರೆ. ಮೈಯೆಲ್ಲ ಬೆವರು. ಗರ್ಭಗುಡಿಯ ಒಳಗೆ ಮಂತ್ರ ಹೇಳಿದವರೇ ಹೊರಗೆ ಅಂಗಳದಲ್ಲಿ ಕುಣಿಯುದು. ನಾಗನ ಆರಾಧನೆಯ ನಾಗಮಂಡಲದಲ್ಲಿಯೂ ಹಾಗೆಯೇ. ಐದು ಬಣ್ಣದ ಹುಡಿಯಲ್ಲಿ ಮಂಡಲ ಬರೆದು ವೈದ್ಯರು ಅಂತ ಕರೆಯುವ ಹಾಡುಗಾರರು ಡಕ್ಕೆ ಬಾರಿಸ್ತಾ, ಹಾಡ್ತಾ, ನಾಗ ಮೈಮೇಲೆ ಬರುವ ಪಾತ್ರಿಯ ಜೊತೆ ಸುತ್ತು ಬರ್ತಾರೆ. ಬೆಳಗಾಗುವಾಗ ಆ ಮಂಡಲ ಕಾಲಡಿಯಲ್ಲಿ ಅಳಿಸಿ ಹೋಗಿರ್ತದೆ. ಅದೇ ಹುಡಿ ಪ್ರಸಾದ.

ನೇರನುಡಿ
ರಾಜೋಪಚಾರದ ವಿಷಯ ಒಪ್ಪಿಕೊಂಡೆ. ನನಗೆ ಹೊಳೆದಿರಲಿಲ್ಲ. ಆದರೆ ಆ ನೃತ್ಯ ಶಾಸ್ತ್ರೀಯ ನೃತ್ಯ ಅಲ್ಲವೇ? ಶಾಂತಲೆ ಬೇಲೂರಿನಲ್ಲಿ ದೇವದಾಸಿಯಾಗಿ ಕುಣಿದ ಹಾಗೆ?

ಶಾಸನದ ಕಲ್ಲು
ಶಾಂತಲೆ ದೇವದಾಸಿ ಅಲ್ಲ ಸ್ವಾಮಿ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ. ಗೀತ, ವಾದ್ಯ, ನೃತ್ಯದಲ್ಲಿ ಅವಳ ಪಾಂಡಿತ್ಯವನ್ನು ಶಾಸನಗಳು ಹೊಗಳುತ್ತವೆ, ಅಷ್ಟು ನಿಜ. ಬೇಲೂರಿನ ದೇವಸ್ಥಾನದ ಪ್ರತಿಷ್ಠೆ 1117ರಲ್ಲಿ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಅವಳು ಕಟ್ಟಿಸಿದ್ದು. ಒಳಗೆ ಹೋದಾಗ ನವರಂಗದ ನಡುವೆ ದುಂಡನೆಯ ಕಲ್ಲಿನ ಜಗಲಿ ನೋಡಿರುತ್ತೀರಿ, ನೃತ್ಯಸೇವೆ ಅಲ್ಲೇ ನಡೆಯುತ್ತಿತ್ತು ಅನ್ನುತ್ತಾರೆ. ಗರ್ಭಗುಡಿಗೆ ನೇರ ಎದುರು. ಕುಣಿಯುವವರ ಮುಖ ದೇವರ ಕಡೆಗೆ, ನೋಡುವ ಜನ ಪಕ್ಕದಲ್ಲಿ.

ನಮ್ಮ ದಾನಶಾಸನಗಳಲ್ಲಿ 'ಅಂಗಭೋಗ ರಂಗಭೋಗ'ಕ್ಕೆ ಇಷ್ಟು ಭೂಮಿ ಬಿಟ್ಟೆವು ಅಂತ ಮತ್ತೆ ಮತ್ತೆ ಬರುತ್ತದೆ. ಅಂಗಭೋಗ ಅಂದರೆ ಸ್ನಾನ, ಗಂಧ, ಹೂವು, ನೈವೇದ್ಯ. ರಂಗಭೋಗ ಅಂದರೆ ಹಾಡು, ವಾದ್ಯ, ಕುಣಿತ. ಎರಡೂ ದೇವರ ಭೋಗವೇ. ಅಕ್ಕಿಗೆ ಗದ್ದೆ ಬಿಟ್ಟ ಹಾಗೇ ಗೆಜ್ಜೆಗೂ ಗದ್ದೆ ಬಿಡುತ್ತಿದ್ದರು. ತಂಜಾವೂರಿನ ಬೃಹದೀಶ್ವರನಿಗೆ ರಾಜರಾಜ ಚೋಳ 400 ಗುಡಿಯ ಹೆಣ್ಣುಮಕ್ಕಳನ್ನು ನೇಮಿಸಿ, ಒಬ್ಬೊಬ್ಬಳಿಗೂ ಮನೆ ಕೊಟ್ಟು, ಹೆಸರು ಸಮೇತ ಗೋಡೆಯಲ್ಲಿ ಕೆತ್ತಿಸಿದ್ದಾನೆ.

ಮಣ್ಣಿನ ಮಗಳು
ರಂಗಭೋಗ ಕೇಳೋಕೆ ಚೆಂದ. ಆ ಹೆಣ್ಣುಮಕ್ಕಳಿಗೆ ಆಮೇಲೆ ಏನಾಯ್ತು ಅನ್ನೋದನ್ನೂ ಬರೀರಿ. ನಾನು ಬಳ್ಳಾರಿ ಕಡೆಯವಳು. ಮುತ್ತು ಕಟ್ಟಿಸ್ಕೊಂಡ ಅಜ್ಜಿಯರನ್ನ ನೋಡಿ ಬೆಳೆದಿದೀನಿ. ಅವರಿಗೆ ನೃತ್ಯವೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. ದೇವರ ಹೆಸರು ಮಾತ್ರ ಇತ್ತು. ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ಗುಡಿಗಳಲ್ಲಿ ದೇವದಾಸಿ ಸೇವೆ ನಿಲ್ಲಿಸ್ತು. ನಮ್ಮ ರಾಜ್ಯದ ನಿಷೇಧ ಕಾಯ್ದೆ 1982ರದ್ದು. ಅಷ್ಟಾದ್ರೂ ಕದ್ದುಮುಚ್ಚಿ ಮುತ್ತು ಕಟ್ಟೋದು ಬಹಳ ವರ್ಷ ನಡೀತು. 'ಸೇವೆ' ಅನ್ನೋ ಪದ ಕೇಳಿದ ಕೂಡಲೇ ಕೈ ಮುಗಿಯೋ ಮುಂಚೆ, ಸೇವೆ ಮಾಡೋರ ಹೊಟ್ಟೆ ತುಂಬಿದೆಯಾ ಅಂತ ಕೇಳಿ. ಈ ಚರ್ಚೆಗೂ ಅದೇ ಪ್ರಶ್ನೆ. ಗಾರೆ ಕೆಲಸದ ಆ ಇಬ್ಬರು ಹುಡುಗರ ಬಗ್ಗೆ ಯಾರೂ ಮಾತಾಡ್ತಿಲ್ಲ.

ಗೆಜ್ಜೆ ಟೀಚರ್
ಮಣ್ಣಿನ ಮಗಳು ಹೇಳಿದ್ದನ್ನು ಒಪ್ಪಿ ಮುಂದುವರಿಸ್ತೀನಿ. ನಾನು ಭರತನಾಟ್ಯ ಕಲಿಸ್ತೀನಿ. ರಂಗಪ್ರವೇಶಕ್ಕೆ ಮುಂಚೆ ಗೆಜ್ಜೆಪೂಜೆ ಮಾಡಿಸ್ತೀವಿ. ಅದೇ 'ಗೆಜ್ಜೆಪೂಜೆ' ಅನ್ನೋ ಮಾತಿಗೆ ಹಿಂದೆ ಬೇರೆ ಅರ್ಥ ಇತ್ತು, ಹುಡುಗಿಯನ್ನ ಆ ಕುಲವೃತ್ತಿಗೆ ಸೇರಿಸೋ ಶಾಸ್ತ್ರ ಅದು. ಮಕ್ಕಳ ತಾಯಂದಿರಿಗೆ ಇದನ್ನ ಹೇಳಿದಾಗ ಬೆಚ್ಚಿಬೀಳ್ತಾರೆ. ಗುಡಿಯಿಂದ ನೃತ್ಯ ವೇದಿಕೆಗೆ ಬಂದಾಗ ನಟರಾಜನ ವಿಗ್ರಹವೂ ವೇದಿಕೆಗೆ ಬಂತು, ರುಕ್ಮಿಣಿದೇವಿ ಅರುಂಡೇಲ್ ಕಾಲದಲ್ಲಿ. ದೇವರು ಜೊತೆಗೆ ಬಂದ, ಆದ್ರೆ ತಲೆತಲಾಂತರದಿಂದ ಕುಣಿದೋರಲ್ಲಿ ಎಷ್ಟೋ ಮನೆಯವರು ಹಿಂದೆಯೇ ಉಳಿದರು. ಈಗ ಸಭಾಂಗಣದಲ್ಲಿ ನಾವು ಭೂಮಿ ನಮಸ್ಕಾರ ಮಾಡಿ, ಪುಷ್ಪಾಂಜಲಿ ಹಾಕಿ ಶುರು ಮಾಡ್ತೀವಿ. ನಾಟ್ಯಶಾಸ್ತ್ರದ ಮೂರನೇ ಅಧ್ಯಾಯ ಇಡೀ ರಂಗದೇವತೆಗಳ ಪೂಜೆಗೇ ಮೀಸಲು. ಹಾಗಾಗಿ ವೇದಿಕೆ ಅಂದ ಮಾತ್ರಕ್ಕೆ ಪೂಜೆ ಹೋಯ್ತು ಅಂತ ನಾನು ಒಪ್ಪಲ್ಲ. ವೇದಿಕೆಯನ್ನೇ ಗುಡಿ ಮಾಡ್ಕೊಳ್ಳಬಹುದು. ಶಿಂಷಾ ಅವರೇ, ನಿಮ್ಮ ವಿಷಯದಲ್ಲಿ ನನಗೆ ಚುಚ್ಚೋದು ಬೇರೆ. ಅವರು ಕರೀತಿರೋದು ಅಮ್ಮನನ್ನ ಬಿಟ್ಟು ನಿಮ್ಮನ್ನ ಮಾತ್ರ.

ಹಾವೇರಿ ಏಲಕ್ಕಿ
ನಮ್ ಕಡಿ ಕಥಿ ಕೇಳ್ರಿ. ಇಲ್ಲೆಲ್ಲಾರೂ ಮದುವಿ ಮಂಟಪ ಅಂದ್ರ ಮೂಗು ಮುರೀಲಿಕ್ಕತ್ತೀರಿ. ನಮ್ಮಲ್ಲೆ ಮನಿದೇವ್ರು ವೀರಭದ್ರ ಇದ್ದೋರ ಮನ್ಯಾಗ ಮದುವಿ ಅಂದ್ರ ಗುಗ್ಗಳ ಅಂತ ವೀರಭದ್ರನ ಮೆರವಣಿಗಿ ಆಗಬೇಕು, ಗುಗ್ಗಳಕ್ಕ ವೀರಭದ್ರನ ವೇಷ ಕಟ್ಟಿ ಕುಣಿಯೋ ಪುರವಂತ್ರು ಬೇಕು. ಕೈಯಾಗ ಕತ್ತಿ, ಕಾಲಾಗ ಗೆಜ್ಜಿ, ಸಂಬಾಳ ಬಾರಿಸೋದು ಶುರುವಾತು ಅಂದ್ರ ಸಣ್ಣ ಹುಡುಗ್ರು ಅವ್ವನ ಸೆರಗಿನ್ಯಾಗ ಅಡಗತಾವ. ಪುರವಂತ "ಅಹಹಾ ವೀರ, ಅಹಹಾ ರುದ್ರ" ಅಂತ ಒಡಪು ಎತ್ತಿದ ಅಂದ್ರ ದಕ್ಷಬ್ರಹ್ಮನ ಯಜ್ಞ ಅಲ್ಲೇ ಕಣ್ಣ ಮುಂದ ಕೆಟ್ಟಂಗಾಗ್ತೈತಿ. ಮದುಮಗ ಸೈತ ಶಸ್ತ್ರ ಹಾಕಿಸಿಕೊಂತಾನ.

ನಾ ಹೇಳೂದು ಏನಪಾ ಅಂದ್ರ, ಮದುವಿಯೊಳಗ ಕುಣಿಯೂದು ತಪ್ಪಲ್ಲ. ನಮ್ ಪುರವಂತಗ ಸಂಭಾವನಿ ಕೊಡ್ತೀವಿ, ಆಯಾರ ಮಾಡ್ತೀವಿ, ಕಾಲಿಗೂ ಬೀಳ್ತೀವಿ. ದುಡ್ಡು ಮುಟ್ಟಿತು ಅಂತ ದೇವ್ರು ಎದ್ದು ಹೋಗೂದಿಲ್ರಿ. ಅಲ್ಲೆ ಕರದಾವ್ರು ವೀರಭದ್ರನ್ನ ಕರದಿರ್ತಾರ. ನಿಮಗ ಫೋನ್ ಮಾಡಿದಾವ ಅಲಂಕಾರಕ್ಕ ಒಂದು ಸಾಮಾನು ಕರದಾನ. ಫರಕ್ ಅಲ್ಲೈತಿ.

ತಮಟೆ ಏಟು
ಹಾವೇರಿಯೋರು ಬರೆದದ್ದನ್ನ ಎರಡು ಸಲ ಓದ್ದೆ.

ಕೋಲಾರದ ಕಡ್ಲೆಕಾಯಿ
ಸರಿ, ಆದ್ರೆ ವರ್ಷಕ್ಕೆ ಒಂದು ಊರಹಬ್ಬ ಬರುತ್ತೆ. ಮಿಕ್ಕ ದಿನ ಕಲಾವಿದ ಏನು ತಿನ್ನಬೇಕು? ದೈವನರ್ತಕರಿಗೆ 2022ರಲ್ಲಿ ಸರ್ಕಾರ 60 ದಾಟಿದೋರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸ್ತು. 60ರ ಒಳಗಿನವರು? ಪೂಜೆ ಹೊರೋರು? ಕಂಸಾಳೆಯೋರು? ದಸರಾ ಜಂಬೂಸವಾರಿಯಲ್ಲಿ ವೀರಗಾಸೆ, ಪೂಜಾ ಕುಣಿತ ಎಲ್ಲ ಹೋಗುತ್ತೆ. ಅದನ್ನ ಯಾರಾದ್ರೂ ತಪ್ಪು ಅಂತಾರಾ?

ಶಿಂಷಾ ದಡದವ
ದಸರಾಗೆ ನಾವೂ ಒಂದು ಸಲ ಹೋಗಿದೀವಿ. ಅಲ್ಲಿ ಅಮ್ಮನ ಮುಖ ಇತ್ತು. ಆನೆ ಮೇಲೆ ಚಾಮುಂಡಿ, ನೆಲದ ಮೇಲೆ ನಮ್ಮ ಮಾರಮ್ಮ. ದೊಡ್ಡಪ್ಪ ಅದನ್ನ ಇವತ್ತಿಗೂ ಹೇಳ್ಕೊಂಡು ಖುಷಿಪಡ್ತಾರೆ. ಅವರಿಗೆ ಊರು ಬಿಟ್ಟು ಹೋಗೋದು ಸಮಸ್ಯೆ ಅಲ್ಲವೇ ಅಲ್ಲ.

ಏಳುಮಲೆ ಗುಡ್ಡ
ನಾನು ಕೊಳ್ಳೇಗಾಲದೋನು, ಮಾದಪ್ಪನ ಒಕ್ಕಲು. ನಮ್ಮಪ್ಪ ದೀಕ್ಷೆ ತಗೊಂಡ ದೇವರಗುಡ್ಡ. ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಕಂಸಾಳೆ. ಮನೆಮನೆಗೆ ಹೋಗಿ ಕೋರಣ್ಯದ ಭಿಕ್ಷೆ ಎತ್ತುತಾರೆ, ರಾತ್ರಿಯಿಡೀ ಮಾದಪ್ಪನ ಕಥೆ ಹಾಡ್ತಾರೆ. ಈಗ ಕಾಲೇಜು ಹುಡುಗರು ಬೀಸು ಕಂಸಾಳೆ ಕಲಿತು ವೇದಿಕೆ ಮೇಲೆ ಒಬ್ಬರ ಮೇಲೊಬ್ಬರು ಹತ್ತಿ ಮಾಡ್ತಾರೆ. ನಮ್ಮಪ್ಪನಿಗೆ ಅದರ ಮೇಲೆ ಸಿಟ್ಟಿಲ್ಲ. "ಅವ್ರು ಬೀಸು ಕಲ್ತವ್ರೆ, ಚೆಂದಾಗ್ ಬೀಸ್ತವ್ರೆ" ಅಂತಾರೆ. ಆದ್ರೆ ತಮ್ಮ ಕಂಸಾಳೆಯನ್ನ ಆ ಹುಡುಗರಿಗೆ ಮುಟ್ಟೋಕೂ ಕೊಡಲ್ಲ. ಅವರಿಗೆ ಸಂತೆಯಿಂದ ಬೇರೆ ಜೊತೆ ತಂದುಕೊಟ್ಟಿದಾರೆ. ಕಲಿಸಿದ್ದು ಮಾತ್ರ ಅವರೇ.

ಬಡಗುತಿಟ್ಟು
ಯಕ್ಷಗಾನದಲ್ಲಿ ಇದು ಹೊಸ ಪ್ರಶ್ನೆ ಅಲ್ಲ. ಮಂದಾರ್ತಿ, ಕಟೀಲು, ಧರ್ಮಸ್ಥಳದಂಥ ಮೇಳಗಳದ್ದು ಹರಕೆ ಆಟ. ಆಡಿಸುವವರು ದೇವರಿಗೆ ಹೇಳಿಕೊಂಡಿರ್ತಾರೆ, ಸರದಿಗೆ ಎಷ್ಟೋ ವರ್ಷ ಕಾಯ್ತಾರೆ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಗಣಪತಿಗೆ ಪೂಜೆಯಾಗದೆ ಆಟ ಶುರುವಾಗುವುದಿಲ್ಲ. ನಾನು ಸಣ್ಣವನಿದ್ದಾಗ ಒಂದು ಮಳೆಯ ರಾತ್ರಿ ನಮ್ಮ ಗದ್ದೆಯಲ್ಲಿ ಆಟ ಇತ್ತು. ಮೂರು ಗಂಟೆ ಹೊತ್ತಿಗೆ ಎದುರಿಗೆ ಇದ್ದದ್ದು ನಾನು, ನನ್ನ ಅಜ್ಜಿ, ಕಂಬಳಿ ಹೊದ್ದ ಇನ್ನೊಬ್ಬರು. ಮಹಿಷಾಸುರ ಒಂದು ಹೆಜ್ಜೆಯನ್ನೂ ಕಡಿಮೆ ಮಾಡಲಿಲ್ಲ. "ಯಾರೂ ಇಲ್ಲವಲ್ಲ ಅಜ್ಜಿ" ಅಂದೆ. "ಯಾರಿಗೆ ಹರಕೆಯೋ ಅವಳು ನೋಡ್ತಿದ್ದಾಳೆ, ನೀ ಸುಮ್ನೆ ಕೂತ್ಕೊ" ಅಂದರು.

ಅದೇ ಕಲಾವಿದರಲ್ಲಿ ಹಲವರು ಟೆಂಟ್ ಮೇಳದಲ್ಲೂ ಕುಣಿದವರು. ಅಲ್ಲಿ ಟಿಕೆಟ್ಟು, ಹೊಸ ಪ್ರಸಂಗ, ಸೀಟಿ. ಯಾರೂ ಅದನ್ನು ಸೇವೆ ಅನ್ನಲಿಲ್ಲ, ಯಾರೂ ಪಾಪ ಅಂತಲೂ ಅನ್ನಲಿಲ್ಲ. ಎರಡಕ್ಕೂ ಹೆಸರು ಬೇರೆ ಇತ್ತು, ಜಾಗ ಬೇರೆ ಇತ್ತು. ಜನರಿಗೆ ಗೊಂದಲ ಇರಲಿಲ್ಲ.

ಮಣ್ಣಿನ ಮಗಳು
ಬಡಗುತಿಟ್ಟು ಅವರ ಮಾತು ಉಪಯೋಗಕ್ಕೆ ಬರೋ ಮಾತು. ಹಾಗೇ ಒಂದು ಪ್ರಶ್ನೆ: ನಿಮ್ಮ ಊರಲ್ಲಿ ಹೆಣ್ಣುಮಕ್ಕಳು ಪೂಜೆ ಹೊರಬಹುದಾ ಶಿಂಷಾ ಅವರೇ? ಸೀರೆ ಅವರದ್ದು, ಹರಕೆ ಅವರದ್ದು, ದೇವತೆ ಹೆಣ್ಣು.

ನೇರನುಡಿ
ಮೂಲ ವಿಷಯ ಬಿಟ್ಟು ಹೋಗ್ತಿದೆ.

ಮಣ್ಣಿನ ಮಗಳು
ಬಿಟ್ಟು ಹೋಗಿಲ್ಲ. ಯಾವುದರಿಂದ ಪೂಜೆ ಆಗುತ್ತೆ ಅನ್ನೋದು ಮೂಲ ಪ್ರಶ್ನೆ ತಾನೆ? ಹೊರೋರ ದೇಹ ಯಾವುದು ಅನ್ನೋದರಿಂದ ಆಗುತ್ತಾ?

ಪೇಟೆ ಹುಡುಗ
ಬೆಂಗಳೂರು ಕರಗದಲ್ಲಿ ಹೊರೋದು ಗಂಡಸು, ಆದ್ರೆ ಹೆಂಗಸಿನ ಉಡುಗೆಯಲ್ಲಿ. ಅರಿಶಿನ ಬಣ್ಣದ ಸೀರೆ, ಕೈಗೆ ಬಳೆ, ಮಲ್ಲಿಗೆ. ಅವತ್ತು ಅವರು ದ್ರೌಪದಿ. ಧರ್ಮರಾಯನ ಗುಡಿಯಿಂದ ಚೈತ್ರ ಹುಣ್ಣಿಮೆ ರಾತ್ರಿ ಹೊರಟರೆ ಬೆಳಗಿನವರೆಗೂ. ಬೆಳಗ್ಗೆ ಕರಗವನ್ನ ಎರಡು ಕೈಯಲ್ಲಿ ಹಿಡ್ಕೊಂಡು ಓಡ್ತಾ ಗುಡಿ ಸೇರ್ತಾರೆ.

ಶಾಸನದ ಕಲ್ಲು
ಪೇಟೆ ಹುಡುಗ, ಕರಗವನ್ನು ಕೈಯಲ್ಲಿ ಹಿಡಿಯುವುದಿಲ್ಲ. ಅದೇ ಅದರ ಕಷ್ಟ. ಕರಗ ತಲೆಯ ಮೇಲೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ದಂಡ. ಸುತ್ತ ವೀರಕುಮಾರರು ಅಲಗು ಹಿಡಿದು ಕಾವಲು. ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ.

ಪೇಟೆ ಹುಡುಗ
ಸರಿ ಸರಿ, ಜನರ ನೂಕುನುಗ್ಗಲಲ್ಲಿ ನನಗೆ ಕಂಡದ್ದು ಮಲ್ಲಿಗೆ ಮಾತ್ರ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಶಿಂಷಾ ದಡದವ
ಅಕ್ಕ, ಊರಹಬ್ಬದಲ್ಲಿ ಇಲ್ಲಿವರೆಗೂ ಹೆಣ್ಣುಮಕ್ಕಳು ಹೊತ್ತಿಲ್ಲ. ಬೇರೆ ಕಡೆ ಹೆಣ್ಣುಮಕ್ಕಳ ತಂಡಗಳು ಪೂಜಾ ಕುಣಿತ, ವೀರಗಾಸೆ ಎರಡೂ ಮಾಡ್ತಿವೆ, ಗಟ್ಟಿಯಾಗಿ ಮಾಡ್ತಿವೆ. ನನ್ನ ತಂಗಿ ಮನೆ ಹಿಂದಿನ ಕಣದಲ್ಲಿ ಎತ್ತಿ ಕುಣಿತಾಳೆ, ನನಗಿಂತ ನೇರವಾಗಿ ನಿಲ್ತಾಳೆ. ದೊಡ್ಡಪ್ಪ ನೋಡಿ ಬೇಡ ಅಂದಿಲ್ಲ, ಹೊರು ಅಂತಲೂ ಅಂದಿಲ್ಲ. ಈ ಸಲ ಕೇಳ್ತೀನಿ.

ತಮಟೆ ಏಟು
ನಾನು ತಮಟೆ ಬಡಿಯೋನು, ನನ್ನ ಕಡೆಯಿಂದಲೂ ಒಂದು ಮಾತು. ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಆರತಕ್ಷತೆಗೆ ಹೋಗಿದ್ದೆ. ಚರ್ಮದ ತಮಟೆ ಕಾಯಿಸದೆ ಮಾತಾಡಲ್ಲ. ಹುಲ್ಲಿನ ಉರಿಗೆ ಹಿಡಿದು, ಬೆರಳಲ್ಲಿ ತಟ್ಟಿ, ಇನ್ನೊಂಚೂರು ಹಿಡಿದು, ಆ 'ಠಣ್' ಬರೋವರೆಗೂ ಕಾಯಬೇಕು. ಮಂಟಪದ ಮ್ಯಾನೇಜರು ಬೆಂಕಿ ಹಚ್ಚಬಾರದು ಅಂದ್ರು. ಪಾರ್ಕಿಂಗಲ್ಲೂ ಬೇಡ ಅಂದ್ರು. ಕೊನೆಗೆ ಫೈಬರ್ ತಮಟೆ ಬಾಡಿಗೆಗೆ ತಂದು ಬಡಿದ್ವಿ. ಸದ್ದು ಬಂತು. ಆದ್ರೆ ಬಡಿಯೋಕೆ ಮುಂಚೆ ನಾಲ್ಕು ಜನ ಬೆಂಕಿ ಸುತ್ತ ಕೂತು, ಒಬ್ಬರ ತಮಟೆಗೆ ಇನ್ನೊಬ್ಬರು ಕಿವಿಗೊಟ್ಟು ಶ್ರುತಿ ಕೂಡಿಸೋದಿದೆಯಲ್ಲ, ಅದೇ ಇರಲಿಲ್ಲ. ನನಗೆ ಅಮ್ಮ ಬರೋದು ಅಲ್ಲೇ, ಆ ಉರಿ ಹತ್ರ. ಕುಣಿತ ಶುರುವಾಗೋದು ಆಮೇಲೆ.

ಏಳುಮಲೆ ಗುಡ್ಡ
ಫೈಬರ್ ತಮಟೆ ಮಳೆಗಾಲಕ್ಕೆ ಒಳ್ಳೇದು ಅಣ್ಣ, ಅದನ್ನೂ ಬೈಬೇಡಿ.

ತಮಟೆ ಏಟು
ಮಳೆಗಾಲಕ್ಕೆ ನಾನೂ ಇಟ್ಕೊಂಡಿದೀನಿ. ಅಮ್ಮನ ಮುಂದೆ ಬಡಿಯಲ್ಲ ಅಷ್ಟೇ.

ಕೋಲಾರದ ಕಡ್ಲೆಕಾಯಿ
ಈಗ ಊರಹಬ್ಬಕ್ಕೇ ಡಿಜೆ ತರ್ತಾರೆ. ಅದಕ್ಕಿಂತ ಫೈಬರ್ ಸಾವಿರ ಪಾಲು ವಾಸಿ.

ಗಂಧ ತೇಯುವವನು
ಇದಕ್ಕೆ ನನ್ನ ಪೂರ್ತಿ ಸಹಮತ. ಹೋದ ವರ್ಷ ರಥೋತ್ಸವದಲ್ಲಿ ಡಿಜೆ ಅಬ್ಬರಕ್ಕೆ ನಾದಸ್ವರದವರು ವಾದ್ಯ ಚೀಲಕ್ಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು. 'ವಾದ್ಯಂ ಘೋಷಯಾಮಿ' ಅಂತ ಹೇಳುವಾಗ ನನಗೆ ಗಂಟಲು ಕಟ್ಟಿತು.

ಗೆಜ್ಜೆ ಟೀಚರ್
ಶಿಂಷಾ ಅವರೇ, ಕೊನೆಗೆ ಏನು ತೀರ್ಮಾನ ಮಾಡಿದ್ರಿ?

ಶಿಂಷಾ ದಡದವ
ಬರೀತೀನಿ. ನಾನು ಅವರಿಗೆ ಫೋನ್ ಮಾಡಿ, ಅಮ್ಮನ ಮುಖದ ಸಮೇತ ಬರ್ತೀವಿ, ಸೀರೆ ಇರೋ ಹಾಗೇ ಇರುತ್ತೆ, ಚಪ್ಪಲಿ ಬಿಟ್ಟು ಕೈ ಮುಗೀಲಿ ಅಂತ ನಾನೇ ಹೇಳಲ್ಲ ಆದ್ರೆ ಎದುರಿಗೆ ಹೆಂಡ ಇರಬಾರದು ಅಂದೆ. ನೋಡ್ತೀವಿ ಅಂದ್ರು. ಮಾರನೇ ದಿನ ಬೇರೆ ತಂಡ ಒಪ್ಪಿಕೊಂಡಿದೆ ಅಂತ ಮೆಸೇಜ್ ಬಂತು. ನಮ್ಮ ಗಾರೆ ಕೆಲಸದ ಹುಡುಗರಲ್ಲಿ ಒಬ್ಬ ನನ್ನ ಜೊತೆ ಮಾತು ಬಿಟ್ಟ. ಅವನಿಗೆ ಆ ದುಡ್ಡಲ್ಲಿ ಮಗಳ ಶಾಲೆ ಫೀಸ್ ಕಟ್ಟೋದಿತ್ತು. ನನಗೆ ನಿದ್ದೆ ಬರಲಿಲ್ಲ. ಅಮ್ಮನ ಮರ್ಯಾದೆ ಕಾಯೋ ಖರ್ಚು ಅವನ ಮೇಲೆ ಬಿತ್ತು.

ಇಲ್ಲಿ ನೀವು ಬರೆದದ್ದನ್ನೆಲ್ಲ ದೊಡ್ಡಪ್ಪನಿಗೆ ಓದಿ ಹೇಳ್ದೆ. ಏಳುಮಲೆಯೋರ ಅಪ್ಪ ಬೇರೆ ಕಂಸಾಳೆ ತಂದುಕೊಟ್ಟದ್ದು, ಟೆಂಟ್ ಮೇಳದ ವಿಷಯ, ಗುಗ್ಗಳದ ವಿಷಯ, ಎಲ್ಲ ಕೇಳಿಸ್ಕೊಂಡ್ರು. "ಮದುವೆಗೆ ವೀರಭದ್ರನ್ನೇ ಕರ್ಸ್ತಾರಾ?" ಅಂತ ಎರಡು ಸಲ ಕೇಳಿದ್ರು. ರಾತ್ರಿ ಊಟ ಆದ್ಮೇಲೆ ಅವರೇ ಮಾತೆತ್ತಿದ್ರು. ಇನ್ನೊಂದು ಚೌಕಟ್ಟು ಕಟ್ಟೋಣ, ಕಾಲೇಜಿಗೆ, ಸಭೆಗೆ, ಕರೆದ ಕಡೆಗೆ ಅದನ್ನ ತಗೊಂಡು ಹೋಗಿ ಅಂದ್ರು. ಅದಕ್ಕೆ ಅಂಗಡಿ ಸೀರೆ. ನಡುವೆ ಕನ್ನಡಿನೋ ಹೂವೋ ಇರಲಿ, ಅಮ್ಮನ ಮುಖ ಬೇಡ, ಯಾರ ಹೆಸರೂ ಬೇಡ. ಅದನ್ನ 'ಪೂಜೆ' ಅಂತ ಕರೀಬಾರದು, 'ಚೌಕಟ್ಟು' ಅನ್ನಬೇಕು. ಹರಕೆ ಸೀರೆಯ ಒಂದು ನೂಲೂ ಅದಕ್ಕೆ ತಾಗಬಾರದು. ಬಂದ ದುಡ್ಡಲ್ಲಿ ಮೊದಲ ಪಾಲು ಆ ಹುಡುಗನಿಗೆ.

ತಂಗಿ ಬಗ್ಗೆಯೂ ಕೇಳ್ದೆ. "ಚೌಕಟ್ಟನ್ನ ಅವಳೇ ಹೊರ್ಲಿ. ಪೂಜೆ ವಿಷಯ ಮಾರಮ್ಮನ ಹಬ್ಬಕ್ಕೆ ಮುಂಚೆ ಊರೋರ ಜೊತೆ ಕೂತು ಕೇಳ್ತೀನಿ" ಅಂದ್ರು.

ಮಣ್ಣಿನ ಮಗಳು
ಆ ಹುಡುಗನಿಗೆ ಮೊದಲ ಪಾಲು ಅಂದ ನಿಮ್ಮ ದೊಡ್ಡಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ನೇರನುಡಿ
ನಮ್ಮ ಕಾಲೇಜಿನ ರಾಜ್ಯೋತ್ಸವಕ್ಕೆ ತಂಡ ಹುಡುಕ್ತಿದೀವಿ. ಚೌಕಟ್ಟು ಸಿದ್ಧವಾದ ಮೇಲೆ ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ತಮಟೆ ಕಾಯಿಸೋಕೆ ಮೈದಾನದಲ್ಲಿ ಜಾಗ ಇದೆ, ಬೆಂಕಿಗೆ ನಾನು ಅನುಮತಿ ಕೊಡಿಸ್ತೀನಿ.

ತಮಟೆ ಏಟು
ಬಿದಿರು ಯಾವಾಗ ಕಡಿಸ್ತೀಯಪ್ಪ? ಬೆಳದಿಂಗಳ ಪಕ್ಷದಲ್ಲಿ ಕಡಿಸಬೇಡ, ಹುಳ ಬೀಳುತ್ತೆ. ಅಮಾವಾಸ್ಯೆ ಹತ್ರ ಕಡಿಸು.

ಶಿಂಷಾ ದಡದವ
ಅಮಾವಾಸ್ಯೆ ಮಾರನೇ ದಿನವೇ ಕಡಿಸಾಯ್ತು ಅಣ್ಣ. ಕೆರೇಲಿ ನೆನೆ ಹಾಕಿದೀವಿ. ಮಾತು ಬಿಟ್ಟಿದ್ದ ಹುಡುಗನೇ ಬಂದು ಕಲ್ಲು ಹೇರಿ ಮುಳುಗಿಸಿ ಹೋದ. ಇನ್ನೂ ನನ್ನ ಜೊತೆ ಮಾತಾಡಿಲ್ಲ.